ಇಂಟರ್‌ವ್ಯೂನಲ್ಲಿ ಬಿಟ್ಟರೆ ಡಾಕ್ಟರ್ ಆಗುವ ಗುಣವೇ ಇಲ್ಲ ಅಂತನಾ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳು ಪ್ರವೇಶ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಳು. ಆದರೆ ಒಂದು ಮೆಡಿಕಲ್ ಕಾಲೇಜಿನವರು ಇಪ್ಪತ್ತು ನಿಮಿಷ ಮಾತನಾಡಿಸಿ, ಈ ವೃತ್ತಿಗೆ ಬೇಕಾದ ಗುಣ ಕಾಣಲಿಲ್ಲ ಎಂದು ಬರೆದು ಕಳಿಸಿದ್ದಾರೆ. ಮೂರು ದಿನದಿಂದ ಅವಳು ಸರಿಯಾಗಿ ಮಾತೇ ಆಡುತ್ತಿಲ್ಲ. ಅಷ್ಟು ಹೊತ್ತಿನಲ್ಲಿ ಅದು ಹೇಗೆ ಗೊತ್ತಾಗುತ್ತದೆ?

ಉತ್ತರ: ಗೊತ್ತಾಗುವುದಿಲ್ಲಮ್ಮ. ಎಷ್ಟೋ ವರ್ಷ ಆ ಮೇಜಿನ ಈಚೆ ಕೂತವಳು ನಾನು, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಪಟಪಟ ಮಾತಾಡುವವರಿಗೆ, ನಮ್ಮ ಹಾಗೆಯೇ ಯೋಚಿಸುವವರಿಗೆ ನಮಗೇ ತಿಳಿಯದ ಹಾಗೆ ಜಾಸ್ತಿ ಅಂಕ ಬಿದ್ದುಬಿಡುತ್ತದೆ. ಸಂಕೋಚದ ಮಕ್ಕಳು ಹಿಂದೆ ಉಳಿಯುತ್ತಾರೆ.

ಇದನ್ನು ತೋರಿಸಿಕೊಟ್ಟ ಒಂದು ಘಟನೆ ಇದೆ, ಮಗಳಿಗೆ ಓದಿ ಹೇಳಿ. 1979ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲ್ 150 ಜನರನ್ನು ಆರಿಸಿ ಮುಗಿಸಿತ್ತು. ಅಷ್ಟರಲ್ಲಿ ಇನ್ನೂ 50 ಸೀಟು ಸೇರಿಸಿ ಎಂದು ಶಾಸನಸಭೆಯಿಂದ ಆದೇಶ ಬಂತು. ಇಂಟರ್‌ವ್ಯೂ ಮಾಡಿ ಬೇಡ ಎಂದು ಬಿಟ್ಟಿದ್ದವರನ್ನೇ ಮತ್ತೆ ಕರೆಯಬೇಕಾಯಿತು. ಮುಂದೆ ಎರಡೂ ಗುಂಪನ್ನು ಹೋಲಿಸಿ ನೋಡಿದರು. ಓದು, ವಾರ್ಡಿನ ಕೆಲಸ, ಪದವಿ ಮುಗಿದ ಮೇಲಿನ ಮೊದಲ ವರ್ಷದ ತರಬೇತಿ, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೇಡ ಅನಿಸಿಕೊಂಡವರೂ ಅಷ್ಟೇ ಒಳ್ಳೆಯ ಡಾಕ್ಟರ್ ಆದರು.

ಹಾಗಂತ ಬರೀ ಅಂಕ ನೋಡಿದರೂ ಸಾಲದು ಅಲ್ವಾ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದಕ್ಕೊಂದು ದಾರಿ ಹುಡುಕಿ 2004ರಲ್ಲಿ ಪ್ರಕಟಿಸಿದರು. ಒಂದೇ ದೊಡ್ಡ ಇಂಟರ್‌ವ್ಯೂ ಬದಲು ಸಾಲಾಗಿ ಹತ್ತು ಪುಟ್ಟ ಭೇಟಿ, ಒಂದೊಂದೂ ಎಂಟು ನಿಮಿಷ. ಒಂದು ಕಡೆ ಸಿಟ್ಟಾದವರಂತೆ ನಟಿಸುವವರು ಕೂತಿರಬಹುದು, ಅವರನ್ನು ಸಮಾಧಾನ ಮಾಡಬೇಕು. ಇನ್ನೊಂದು ಕಡೆ ಸುಲಭದ ಉತ್ತರವಿಲ್ಲದ ಪ್ರಶ್ನೆ. ಪ್ರತಿ ಕಡೆಯೂ ಬೇರೆ ಪರೀಕ್ಷಕರು. ಒಂದು ಕಡೆ ತಡವರಿಸಿದರೂ ಪಕ್ಕದ ಕೋಣೆಯವರಿಗೆ ಅದು ಗೊತ್ತಿರುವುದಿಲ್ಲ, ಮತ್ತೆ ಹೊಸದಾಗಿ ಶುರು. ಇದು ಎಷ್ಟೋ ವಾಸಿ. ಮಗಳು ಇನ್ನೊಮ್ಮೆ ಅರ್ಜಿ ಹಾಕಲಿ, ಖಂಡಿತ ಹಾಕಲಿ.

ಇನ್ನೊಬ್ಬರ ಪ್ರಶ್ನೆ: ಡಾಕ್ಟ್ರೇ, ನನಗೆ ಸೀಟು ಸಿಕ್ಕಿ ಈಗ ವಾರ್ಡಿಗೆ ಬಂದಿದ್ದೇನೆ. ರೋಗಿಯನ್ನು ಮುಟ್ಟಲು ಹೋದರೆ ಕೈ ನಡುಗುತ್ತದೆ. ನನ್ನನ್ನು ಆರಿಸಿದ್ದೇ ತಪ್ಪಾಯಿತೇನೋ ಅನಿಸುತ್ತಿದೆ.

ಉತ್ತರ: ಇಲ್ಲಪ್ಪ. ಕೈ ನಡುಗುವ ಹುಡುಗರ ಬಗ್ಗೆ ನನಗೆ ಯಾವತ್ತೂ ಚಿಂತೆಯಾಗಿಲ್ಲ. ಚಿಂತೆ ಆಗುವುದು ಬೇರೆಯವರ ಬಗ್ಗೆ. ಅಮೆರಿಕದಲ್ಲಿ ವೈದ್ಯ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ಕಾಲೇಜು ದಾಖಲೆಗಳನ್ನು ತೆಗೆದು ನೋಡಿದ ಅಧ್ಯಯನ 2005ರಲ್ಲಿ ಬಂತು. ತೀರಾ ಬೇಜವಾಬ್ದಾರಿ, ಹೇಳಿದರೂ ತಿದ್ದಿಕೊಳ್ಳದಿರುವುದು, ಈ ಎರಡು ಗುಣ ಓದುವಾಗಲೇ ಉಳಿದವರಿಗಿಂತ ಇವರಲ್ಲಿ ಹೆಚ್ಚಾಗಿ ಕಂಡಿದ್ದವು. ಮೇಷ್ಟ್ರುಗಳು ಬರೆದೂ ಇಟ್ಟಿದ್ದರು. ಅದನ್ನು ಓದಿದ ಮೇಲೆ ನಾನು ಸುಮ್ನೆ ಬಿಡುವುದನ್ನು ಬಿಟ್ಟೆ. ನೋಡದ ನಾಡಿಯನ್ನು ನೋಡಿದೆ ಎಂದು ಬರೆದವರನ್ನು ಅವತ್ತೇ ಕೂರಿಸಿಕೊಂಡು ಮಾತಾಡುತ್ತೇನೆ.

ನಿಮ್ಮದು ಅಭ್ಯಾಸದಿಂದ ಹೋಗುವಂಥದ್ದು. ನಾಳೆ ಹೊಟ್ಟೆ ಪರೀಕ್ಷೆ ಮಾಡುವ ಮೊದಲು ಎಲ್ಲಿ ನೋವು ಎಂದು ಕೇಳಿ. ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯಾಗುತ್ತದೆ, ಆಮೇಲೆ ಒಳಗಿನದು ಏನೂ ಸಿಗುವುದಿಲ್ಲ. ನೋವಿರುವ ಜಾಗಕ್ಕೆ ಕೊನೆಯಲ್ಲಿ ಬನ್ನಿ. ಕಣ್ಣು ನಿಮ್ಮ ಕೈ ಮೇಲೆ ಬೇಡ, ರೋಗಿಯ ಮುಖದ ಮೇಲಿರಲಿ. ಅವರು ಬಾಯಿ ಬಿಟ್ಟು ಹೇಳುವ ಮೊದಲೇ ಹುಬ್ಬು ಹೇಳುತ್ತದೆ, ಅಲ್ಲಿಗೆ ನಿಲ್ಲಿಸಿ. ಆ ಮುಖ ನೋಡುತ್ತಾ ಇದ್ದರೆ ನಿಮ್ಮ ಕೈ ನಡುಗುತ್ತಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ.