ಸಹಾಯ ಬೇಕು: ರಕ್ತಹೀನತೆ ಕುರಿತ ಆರೋಗ್ಯ ಶಿಕ್ಷಣಕ್ಕೆ ಕನ್ನಡದ ಚಿತ್ರಪಟಗಳು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಸಮುದಾಯ ಆರೋಗ್ಯ ವಿಷಯದ ಭಾಗವಾಗಿ ಮುಂದಿನ ವಾರ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗರ್ಭಿಣಿಯರಿಗೆ ರಕ್ತಹೀನತೆಯ ಬಗ್ಗೆ ತಿಳಿಸಿಕೊಡಬೇಕು. ಪಠ್ಯವೆಲ್ಲ ಇಂಗ್ಲಿಷಿನಲ್ಲಿದೆ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಪರೀಕ್ಷೆಯಲ್ಲಿ ಬರೆಯಬಲ್ಲೆ, ಆದರೆ ಅದೇ ಮಾತನ್ನು ಹೊಲದ ಕೆಲಸ ಮುಗಿಸಿ ಬಂದು ಕುಳಿತವರಿಗೆ ಹೇಳುವುದು ಹೇಗೆ?

ಹೋದ ತಿಂಗಳ ಭೇಟಿಯಲ್ಲಿ ಒಬ್ಬ ಅಕ್ಕ ಗೋಡೆಯ ಗೂಡಿನಿಂದ ಸ್ಟೀಲ್ ಡಬ್ಬಿ ತೆಗೆದು ತೋರಿಸಿದರು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಕೆಂಪು ಮಾತ್ರೆಗಳು ಹಾಗೆಯೇ ಇದ್ದವು. ನುಂಗಿದಾಗ ಮಲ ಕಪ್ಪಾಯಿತು, ಕೂಸಿಗೆ ಏನಾದರೂ ಆದೀತು ಎಂದು ಹೆದರಿ ಬಿಟ್ಟಿದ್ದರಂತೆ. ಕಬ್ಬಿಣಾಂಶದಿಂದ ಹಾಗಾಗುವುದು ಸಹಜ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಆ ಡಬ್ಬಿ ನನ್ನ ಕಣ್ಣ ಮುಂದೆಯೇ ಇದೆ.

ಇದರ ಜೊತೆಗೆ, ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿಯಬಾರದು, ಊಟಕ್ಕೆ ನಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ ಎಂಬುದನ್ನೂ ತೋರಿಸಬೇಕು. ಪುಸ್ತಕದ ಚಿತ್ರಗಳಲ್ಲಿ ನಮ್ಮ ರೊಟ್ಟಿ, ಪುಂಡಿಪಲ್ಯ ಎಲ್ಲಿವೆ?

ಹಿರಿಯ ವಿದ್ಯಾರ್ಥಿಗಳು, ಶುಶ್ರೂಷಕಿಯರು ಕನ್ನಡದಲ್ಲಿ ಮಾಡಿದ ಚಿತ್ರಪಟಗಳಿದ್ದರೆ ದಯವಿಟ್ಟು ಫೋಟೊ ತೆಗೆದು ಇಲ್ಲಿ ಹಾಕಿ. ಓದಲು ಬಾರದವರಿಗೂ ತಿಳಿಯುವಂತಿರಲಿ. ಹಿಮೋಗ್ಲೋಬಿನ್‌ಗೆ ನಿಮ್ಮ ಊರಿನಲ್ಲಿ ಯಾವ ಹೋಲಿಕೆ ಕೊಟ್ಟು ವಿವರಿಸುತ್ತೀರಿ ಎಂಬುದನ್ನೂ ತಿಳಿಸಿ. ಸೋಮವಾರದೊಳಗೆ ಸಿಕ್ಕರೆ ಬಣ್ಣ ಹಚ್ಚಿ ಸಿದ್ಧ ಮಾಡಿಕೊಳ್ಳುತ್ತೇನೆ.