ಅಜ್ಜನ ಮಣ್ಣಿನ ಮನೆ: ಕೆಡವೋದಾ, ಉಳಿಸಿಕೊಳ್ಳೋದಾ?

ಕಾಲುಸಂಕ:
ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಜ್ಜ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಲಸಿನ ತೊಲೆ. ಬೇಸಿಗೆಯಲ್ಲಿ ಮಧ್ಯಾಹ್ನ ಫ್ಯಾನ್ ಹಾಕಿದ ನೆನಪೇ ಇಲ್ಲ.

ತೊಂದರೆ ಇರುವುದು ಹಿಂದಿನ ಗೋಡೆಯದ್ದು. ಹನ್ನೆರಡು ವರ್ಷದ ಹಿಂದೆ ಮೇಸ್ತ್ರಿಯೊಬ್ಬರು ‘ಗಟ್ಟಿಯಾಗ್ತದೆ’ ಅಂದರು ಅಂತ ಅದಕ್ಕೆ ಸಿಮೆಂಟ್ ಗಿಲಾವು ಮಾಡಿಸಿದೆವು. ಈಗ ಆಷಾಢ ಬಂತೆಂದರೆ ಗೋಡೆ ಉಬ್ಬುತ್ತದೆ. ಬೆರಳ ಗೆಣ್ಣಿನಲ್ಲಿ ತಟ್ಟಿದರೆ ಟೊಳ್ಳು ಶಬ್ದ. ಬಿರುಕಲ್ಲಿ ಒರಲೆ (ಗೆದ್ದಲು). ಜಗಲಿ ಕಡೆ ಗೋಡೆಗೆ ಸುಣ್ಣ ಬಿಟ್ಟು ಏನೂ ಬಳಿದಿಲ್ಲ, ಅದು ಹಾಗೇ ಇದೆ!

ಕಂಟ್ರಾಕ್ಟರು ಪೂರ್ತಿ ಕೆಡವಿ ಆರ್‌ಸಿಸಿ ಹಾಕೋಣ ಅಂತಾರೆ. ತಮ್ಮ ಬೆಂಗಳೂರಿಂದ ಫೋನ್ ಮಾಡಿ ಸೋಲಾರ್ ಹಾಕ್ಸು ಅಂತಾನೆ. ಅಪ್ಪಯ್ಯ ಎಲೆ ಅಡಿಕೆ ಕವಳ ಹಾಕ್ಕೊಂಡು ತೊಲೆ ನೋಡ್ತಾ ಕೂರ್ತಾರೆ, ಅಷ್ಟೇ. ಒಂದು ಹೊಸ ಬಚ್ಚಲೂ ಬೇಕು. ಎಲ್ಲಿಂದ ಶುರು ಮಾಡಲಿ?

ಸೋಗೆತಟ್ಟಿ (ಸಾಗರ):
ಉತ್ತರ ನಿಮ್ಮ ಜಗಲಿ ಗೋಡೆಯಲ್ಲೇ ಇದೆಯಲ್ಲ ಮಾರಾಯ್ರೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟ್ ಬರುತ್ತದೆ. ಬಿರುಕಲ್ಲಿ ಹೊಕ್ಕ ನೀರು ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಒರಲೆಗೆ ಬೇಕಾಗಿದ್ದೂ ಅದೇ.

ದೀಪಾವಳಿ ಕಳೆದ ಮೇಲೆ ಸಿಮೆಂಟನ್ನೆಲ್ಲ ಕೆತ್ತಿಸಿ ಬಿಡಿ. ಎರಡು ತಿಂಗಳು ಗೋಡೆ ಬರಿಮೈಯಲ್ಲಿ ಒಣಗಲಿ. ಅವಸರ ಬೇಡ. ಆಮೇಲೆ ಮಣ್ಣು, ಮರಳಿಗೆ ಕತ್ತರಿಸಿದ ಹುಲ್ಲು ಸೇರಿಸಿ ಒಂದು ಕೋಟು. ಅದರ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಿಲಾವು.

ಆದರೆ ಇದಕ್ಕಿಂತ ಮೊದಲು ಸೂರು ನೋಡಿ. ಹಿಂದಿನ ಮಾಡು ಗೋಡೆಯಿಂದ ಎಷ್ಟು ಮುಂದೆ ಬಂದಿದೆ? ವರ್ಷಕ್ಕೆ 7000 ಮಿ.ಮೀ. ಮಳೆ ಬೀಳುವ ಕಡೆ ಒಂದಡಿ ಸೂರು ಏನೇನೂ ಸಾಲದು. ಮೂರಡಿಗೆ ಇಳಿಸಿ, ಹನಿ ಬೀಳುವಲ್ಲಿ ಚರಂಡಿ ತೋಡಿ. ನಾವು ಈಗಲೂ ಮಳೆ ಹೊಡೆಯುವ ಬದಿಗೆ ಅಡಿಕೆ ಸೋಗೆ ತಟ್ಟಿ ಕಟ್ಟುತ್ತೇವೆ. ನೋಡಿದವರು ನಗ್ತಾರೆ. ನಗಲಿ.

ಕರೆಂಟ್‌ಹೋಯ್ತು:
ಸೋಲಾರ್ ವಿಷಯಕ್ಕೆ ಒಂದು ಮಾತು. ಕೇಂದ್ರದ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಹಾಕಿಸಿದರೆ, ಲೈನಲ್ಲಿ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುವುದು. ನನಗೆ ಇದನ್ನು ಯಾರೂ ಹೇಳಲಿಲ್ಲ. ಮರ ಬಿದ್ದು ಮೂರು ದಿನ ಕರೆಂಟಿಲ್ಲ, ತಲೆ ಮೇಲೆ ಪ್ಯಾನೆಲ್, ಕೆಳಗೆ ಚಿಮಣಿ ದೀಪ! ಬ್ಯಾಟರಿಯ ಲೆಕ್ಕ ಮೊದಲೇ ಹಾಕಿ. ನೀರು ಕಾಯಿಸಲು ಸೋಲಾರನ್ನೇ ನಂಬಬೇಡಿ, ಜುಲೈಯಲ್ಲಿ ಬಚ್ಚಲ ಒಲೆ ಬೇಕೇ ಬೇಕು.

ಹೊಸನಗರದ ಸೊಸೆ:
ಬಚ್ಚಲಿಗೆ ಮಣ್ಣಿನ ಗೋಡೆ ಬೇಡ. ತಳದಿಂದ ಜಂಬಿಟ್ಟಿಗೆ ಕಲ್ಲಿನಲ್ಲೇ ಕಟ್ಟಿಸಿ. ಒಲೆ ಮಾತ್ರ ಹೊಗೆ ಕೊಳವೆ ಇಟ್ಟೇ ಮಾಡಿಸಿ. ನಮ್ಮಲ್ಲಿ ಬಾಯಿ ಸಣ್ಣ ಮಾಡಿ, ಬೆಂಕಿ ಹಂಡೆಯ ಸುತ್ತ ಹೋಗುವ ಹಾಗೆ ಕಟ್ಟಿಸಿದೆವು. ಮೊದಲು ಒಂದು ಹೊರೆ ಸೌದೆ ಎಲ್ಲಿ ಹೋಯ್ತು ಅಂತಲೇ ಗೊತ್ತಾಗ್ತಿರಲಿಲ್ಲ. ಅಡುಗೆಮನೆ ಕತ್ತಲಿದ್ದರೆ ಎರಡು ಗಾಜಿನ ಹೆಂಚು ಹಾಕಿ, ಹಗಲು ಲೈಟೇ ಬೇಡ.

ಕಾಲುಸಂಕ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಉಳಿ ಹಿಡಿದು ಒಂದಡಿ ಸಿಮೆಂಟ್ ಕೆತ್ತಿದೆ. ಹಪ್ಪಳದ ಹಾಗೆ ಎದ್ದು ಬಂತು. ಹಿಂದಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು, ಅದೂ ಮಳೆ ನಿಂತು ತಿಂಗಳಾದ ಮೇಲೆ! ಸೂರು ಅಳೆದೆ, ಹದಿನಾಲ್ಕು ಇಂಚು. ಅಪ್ಪಯ್ಯ ಬಂದು ನೋಡಿ, “ನಾನು ಅವತ್ತೇ ಹೇಳಿದ್ದೆ” ಅಂದರು. ಹೇಳಿರಲಿಲ್ಲ.

ಸುಣ್ಣ ಎಷ್ಟು ದಿನ ನೆನೆಸಬೇಕು?

ಸೋಗೆತಟ್ಟಿ (ಸಾಗರ):
ಕಡೇಪಕ್ಷ ಎರಡು ವಾರ, ಜಾಸ್ತಿಯಾದಷ್ಟೂ ಒಳ್ಳೆಯದು. ಮೇಲೆ ನೀರು ನಿಂತಿರಲಿ. ನೀರಿಗೆ ಸುಟ್ಟ ಸುಣ್ಣದ ಕಲ್ಲು ಹಾಕುವಾಗ ಕುದಿದು ಎಗರುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.