ಛೆಟ್ರಿ ಒಬ್ರು ಒಂದ್ಕಡೆ, ಬ್ಲಾಸ್ಟರ್ಸ್ ಸ್ಟ್ರೈಕರ್‌ಗಳೆಲ್ಲಾ ಒಂದ್ಕಡೆ: ಗೋಲ್ ಲೆಕ್ಕ ಹೇಗೆ ಹಾಕೋದು?

ಕಬ್ಬನ್‌ಪಾರ್ಕ್ ನೀಲಿ:
ಗುರು, ಆಫೀಸಲ್ಲಿ ನನ್ ಪಕ್ಕ ಕೂರೋನು ಕೊಚ್ಚಿ ಹುಡುಗ, ಪಕ್ಕಾ ಹಳದಿ ಪಾರ್ಟಿ, ಅಂದ್ರೆ ಕೇರಳ ಬ್ಲಾಸ್ಟರ್ಸ್ ಫ್ಯಾನು. ದಿನಾ ಟೀ ಟೈಮಲ್ಲಿ ಒಂದೇ ರಾಗ, "ನಮ್ ಸ್ಟ್ರೈಕರ್ ಒಂದ್ ಸೀಸನ್‌ಗೆ ಹೊಡ್ದಷ್ಟು ನಿಮ್ ಛೆಟ್ರಿ ಯಾವತ್ತಾದ್ರೂ ಹೊಡ್ದಿದಾರಾ" ಅಂತ. ನಿನ್ನೆ ಸಿಟ್ಟು ಬಂದು ಟಿಶ್ಯೂ ಪೇಪರ್ ಮೇಲೇ ಲೆಕ್ಕ ಬರ್ದೆ. ನಮ್ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಫುಟ್ಬಾಲ್ ಲೀಗ್‌ಗೆ ಬಂದ 2017-18ರಿಂದ ಛೆಟ್ರಿದು 14, 9, 9, 8, 4, 5, 5, ಆಮೇಲೆ ಎಲ್ರೂ ಮುಗೀತು ಅಂದ್ಕೊಂಡಾಗ 2024-25ರಲ್ಲಿ ಮತ್ತೆ 14. ಒಟ್ಟು 68. ಮುಂಬೈ ಸಿಟಿಗೆ 2015ರಲ್ಲಿ ಹೊಡ್ದಿದ್ದ 7 ಸೇರಿಸಿದ್ರೆ 75.

ಅವ್ನು ಟಿಶ್ಯೂ ಉಲ್ಟಾ ಮಾಡಿ ಅವ್ನ ಕಡೆದು ಬರ್ದ. ಒಗ್ಬೆಚೆ 2019-20ರಲ್ಲಿ 15, ದಿಯಮಂತಕೋಸ್ ಎರಡು ಸೀಸನ್‌ನಲ್ಲಿ 10 ಮತ್ತೆ 13, ಹಿಮೆನೆಜ್ 11. ಒಟ್ಟು ತಗೊಂಡ್ರೆ ನಾನು ಗೆದ್ದೆ, ಒಂದೇ ಸೀಸನ್ ತಗೊಂಡ್ರೆ ಅವ್ನು ಒಂದು ಗೋಲಲ್ಲಿ ಗೆದ್ದ. ಒಪ್ಕೊಳ್ಳೋಕೆ ಮನಸ್ಸೇ ಬರ್ತಿಲ್ಲ. ನಾಳೆ ಟೀಗೆ ಮುಂಚೆ ಯಾರಾದ್ರೂ ಏನಾದ್ರೂ ಪಾಯಿಂಟ್ ಕೊಡ್ರಪ್ಪಾ.

ವೆಸ್ಟ್ ಬ್ಲಾಕ್ ಹಳಬ:
ಮೊದಲ್ನೇ ತಪ್ಪು ನಿಂದೇ. ನಮ್ ಟೀಮಿನ ಮಿಕುನ ಯಾಕೆ ಬಿಟ್ಟೆ? 2017-18ರಲ್ಲಿ ನಿಜವಾದ ನಂಬರ್ ನೈನ್, ಅಂದ್ರೆ ಸೆಂಟರ್ ಫಾರ್ವರ್ಡ್, ಅವ್ನು, ಹೊಡ್ದಿದ್ದು 15. ಅಂದ್ರೆ ಒಗ್ಬೆಚೆಗೆ ಸಮ, ಅಲ್ಲಿಗೆ ಅವ್ನ ಬಾಯಿ ಮುಚ್ತು. ಇನ್ನು ಛೆಟ್ರಿ ಆಗ ಆಡ್ತಿದ್ದಿದ್ದು ಎಡಗಡೆಯಿಂದ, ಕೋಚ್ ರೋಕಾ ಅವ್ರನ್ನ ವಿಂಗಲ್ಲಿ ಹಾಕ್ತಿದ್ರು, ಅಲ್ಲಿಂದ ಒಳಗೆ ನುಗ್ಗಿ ನುಗ್ಗಿ 14 ಹೊಡ್ದಿದ್ದು. ವಿಂಗರ್‌ದು ಸೆಂಟರ್ ಫಾರ್ವರ್ಡ್‌ದು ಒಂದೇ ತಕ್ಕಡೀಲಿ ತೂಗೋದೇ ತಪ್ಪು. ಇಬ್ರದ್ದೂ ಸೇರಿ 29, ಒಂದೇ ಟೀಮು ಒಂದೇ ಸೀಸನ್. ಬ್ಲಾಸ್ಟರ್ಸ್‌ನಲ್ಲಿ ಯಾವ ಜೋಡಿ ಅಷ್ಟು ಹೊಡ್ದಿದೆ ಕೇಳು ಅವ್ನಿಗೆ. ಅವ್ರು ಫೈನಲ್‌ಗೆ ಹೋದ 2021-22ರಲ್ಲೂ ವಾಸ್ಕೆಸ್ 8, ಪೆರೆಯ್ರಾ ಡಿಯಾಜ್ 8, ಎರಡೂ ಸೇರಿ 16.

2017 ಡಿಸೆಂಬರ್ 31 ನೆನಪಿದ್ಯಾ? ಐಎಸ್‌ಎಲ್‌ನಲ್ಲಿ ಎರಡೂ ಟೀಮು ಮೊದಲ್ನೇ ಸಲ ಎದುರಾಗಿದ್ದು, ಕೊಚ್ಚೀಲಿ. ಛೆಟ್ರಿ ಪೆನಾಲ್ಟಿ ಹಾಕಿದ್ರು, ಕೊನೇಲಿ ಇಂಜುರಿ ಟೈಮಲ್ಲಿ ಮಿಕು ಪಟಪಟ ಅಂತ ಎರಡು. 3-1. ಮನೇಲಿ ಕೇಕ್ ಕಟ್ ಮಾಡೋಕೆ ಕರೀತಿದ್ರು, ನಾನು ಟೀವಿ ಮುಂದೆ ಒಬ್ನೇ ಕುಣೀತಿದ್ದೆ.

ಕಾಸರಗೋಡು ಹಳದಿ:
ಎಂತ ಮಾರಾಯ್ರೇ, ನಿಮ್ಮ ನಿಮ್ಮೊಳಗೇ ತೀರ್ಪು ಕೊಟ್ಟು ಮುಗಿಸಿದ್ರಾ? ಮನೇಲಿ ಮಾತಾಡುವುದು ಕನ್ನಡ ಆದ್ರೂ ನಾವು ಇಲ್ಲಿ ಹಳದಿಯೇ, ಹಾಗಾಗಿ ನನ್ನದೂ ಕೇಳಿ. ಗೋಲು ಎಷ್ಟು ಅಂತ ಮಾತ್ರ ನೋಡಿದ್ರೆ ಆಗ್ಲಿಕ್ಕಿಲ್ಲ, ಎಷ್ಟು ಮ್ಯಾಚಿಗೆ ಅಂತ ನೋಡ್ಬೇಕು. ಒಗ್ಬೆಚೆ 15 ಹೊಡೆದದ್ದು 16 ಮ್ಯಾಚಲ್ಲಿ, ಅದೂ ಏಳನೇ ಸ್ಥಾನಕ್ಕೆ ಹೋಗಿ ಬಿದ್ದ ಟೀಮಲ್ಲಿ. ಬಾಲ್ ತಂದು ಕೊಡ್ಲಿಕ್ಕೆ ಜನ ಇಲ್ಲದ ಕಡೆ ಹೊಡೆದದ್ದು ಅದು. ನಿಮ್ಮನ್ನ ನಾವು ಮೊದಲ ಸಲ ಸೋಲ್ಸಿದ್ದು 2020ರ ಫೆಬ್ರವರೀಲಿ, 2-1, ಎರಡೂ ಅವ್ನದ್ದೇ. ದಿಮಿಯದ್ದು, ಅಂದ್ರೆ ದಿಯಮಂತಕೋಸ್‌ನದ್ದು, 17 ಮ್ಯಾಚಿಗೆ 13, ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟೂ ಅವನಿಗೇ. ಛೆಟ್ರಿಯವರ 2024-25ರ 14 ಎಷ್ಟು ಮ್ಯಾಚಿಗೆ? 28. ಅರ್ಧ.

ನಮ್ಮ ಕರ್ಮ ಎಂತ ಅಂದ್ರೆ ಒಬ್ಬನೂ ನಿಲ್ಲುವುದಿಲ್ಲ. ಒಗ್ಬೆಚೆ ಮುಂಬೈಗೆ ಹೋದ, ದಿಮಿ ಈಸ್ಟ್ ಬೆಂಗಾಲಿಗೆ, ಪೆರೆಯ್ರಾ ಡಿಯಾಜ್ ಮುಂಬೈ ಸುತ್ತಿ ಕಡೆಗೆ ನಿಮ್ಮಲ್ಲಿಗೇ ಬಂದ. ನೀರು ಹಾಕುವುದು ನಾವು, ಎಳನೀರು ಕುಡಿಯುವುದು ಊರವರು. ಛೆಟ್ರಿಯ ಹಾಗೆ ಒಬ್ಬ ಎಂಟು ಸೀಸನ್ ಇಲ್ಲೇ ಇದ್ದಿದ್ರೆ ನಿಮ್ಮ 68 ಎಲ್ಲಿ ಇರ್ತಿತ್ತು ಹೇಳಿ.

ಕಬ್ಬನ್‌ಪಾರ್ಕ್ ನೀಲಿ:
ಅಣ್ಣಾ 28 ಮ್ಯಾಚ್ ಅಂತೀರಲ್ಲ, ಅದ್ರಲ್ಲಿ ಸಬ್ ಆಗಿ ಬಂದಿದ್ದೂ ಸೇರಿದೆ, ಹೈದರಾಬಾದ್ ಮೇಲೆ ಬೆಂಚಿಂದ ಎದ್ದು ಬಂದು ಎರಡು ಹೊಡ್ದು ಐಎಸ್‌ಎಲ್‌ನಲ್ಲಿ ಒಟ್ಟು ಗೋಲಿಂದು ಒಗ್ಬೆಚೆ ಅವ್ರ 63ರ ರೆಕಾರ್ಡಿಗೆ ಸಮ ಮಾಡಿದ್ರು, ಮುಂದೆ ಮೋಹನ್ ಬಾಗಾನ್ ಮೇಲೆ ಪೆನಾಲ್ಟಿ ಹೊಡ್ದು ಅದನ್ನೂ ದಾಟಿದ್ರು. ನಿಮಿಷದ ಲೆಕ್ಕ ಹಾಕ್ಬೇಕು, ಮ್ಯಾಚ್ ಲೆಕ್ಕ ಅಲ್ಲ. ಮತ್ತೆ ವಯಸ್ಸು? 2024 ಡಿಸೆಂಬರ್ 7, ಕಂಠೀರವದಲ್ಲಿ ನಿಮ್ಮ ಮೇಲೇ ಹ್ಯಾಟ್ರಿಕ್, 40 ವರ್ಷ ದಾಟಿ 126 ದಿನ ಆಗಿತ್ತು ಅವ್ರಿಗೆ. ನಾನ್ ಅಲ್ಲೇ ಇದ್ದೆ. 3-2 ಇದ್ದಾಗ ನನ್ ಫ್ರೆಂಡು ಮೆಟ್ರೋ ರಶ್ ಆಗುತ್ತೆ ಬಾ ಅಂತ ಎಳ್ಕೊಂಡು ಹೊರಟ, ಮೆಟ್ಟಿಲು ಇಳೀತಾ ಇದ್ವಿ, ಹಿಂದಿಂದ ಹೋ ಅಂತ ಸದ್ದು ಬಂತು, ತಿರುಗಿದ್ರೆ ಮುಂದೆ ನಿಂತೋನ ಬೆನ್ನು ಬಿಟ್ರೆ ಏನೂ ಕಾಣ್ಲಿಲ್ಲ. ಮೊದ್ಲೇ ಆ ಅಥ್ಲೆಟಿಕ್ಸ್ ಟ್ರ್ಯಾಕ್‌ನಿಂದ ಗೋಲು ಅಷ್ಟು ದೂರ. ಮೂರನೇದು ಮನೆಗೆ ಹೋಗಿ ಮೊಬೈಲಲ್ಲಿ ನೋಡ್ದೆ. ಆ ಫ್ರೆಂಡ್ ಜೊತೆ ಆಮೇಲೆ ಮ್ಯಾಚ್‌ಗೇ ಹೋಗಿಲ್ಲ.

ಹುಬ್ಬಳ್ಳಿ ಮಂದಿ:
ನಿಮ್ಮ ಜಗಳ ನೋಡಾಕ ಭಾಳ ಚೊಲೋ ಐತ್ರಿ, ಆದ್ರ ಒಂದ ಮಾತು. ಅದೇ 2024-25ರಾಗ ನಾರ್ತ್ ಈಸ್ಟ್ ಟೀಮಿನ ಅಜಾರೈ ಹೊಡದದ್ದು 23. ಛೆಟ್ರಿ ಎರಡನೇದವ್ರು. 2017-18ರಾಗೂ ಗೋವಾದ ಕೊರೊ 18 ಹೊಡದ, ಮಿಕು ಛೆಟ್ರಿ ಇಬ್ಬರೂ ಹಿಂದ ಉಳದ್ರು. ನೀವು ನೀಲಿ ಹಳದಿ ಅಂತ ಕುಸ್ತಿ ಹಿಡಿಯೂದ್ರಾಗ ಗದಾ ಮೂರನೇದವ ಒಯ್ದಾನ. ನನ್ನ ಕೇಳಿದ್ರ 14ಕ್ಕಿಂತ 15 ದೊಡ್ಡದೋ ಸಣ್ಣದೋ ಅನ್ನೂದು ಬಿಡ್ರಿ. 2023-24ರಾಗ 5 ಹೊಡದು, ದೇಶದ ಟೀಮಿಗೆ ವಿದಾಯ ಹೇಳಿ, ಮುಂದಿನ ವರ್ಷ 14ಕ್ಕ ಬಂದಾರಲ್ಲ, ಅದನ್ನ ಆ ಕೊಚ್ಚಿ ಹುಡುಗಗ ತೋರಸ್ರಿ.

ಕಾಸರಗೋಡು ಹಳದಿ:
ಹ್ಯಾಟ್ರಿಕ್ ಒಪ್ಪಿದೆ, ಆ ದಿನ ನಾನು ಊಟವೂ ಮಾಡ್ಲಿಲ್ಲ. ಆದ್ರೆ 2022-23ರ ಆ 5ರಲ್ಲಿ ಮಾರ್ಚ್ 3ರ ಫ್ರೀ ಕಿಕ್ಕೂ ಉಂಟಲ್ಲ, ನಮ್ಮವರು ಗೋಡೆ ಕಟ್ಟುವ ಮೊದಲೇ ಹೊಡೆದದ್ದು, 96ನೇ ನಿಮಿಷದ್ದು, ಅದಕ್ಕೆ ನಮ್ಮ ಟೀಮು ಮೈದಾನ ಬಿಟ್ಟು ಎದ್ದು ಹೋದದ್ದು? ಆ 5ನ್ನ 4 ಅಂತ ಬರೀರಿ. ಅದನ್ನೂ ಲೆಕ್ಕಕ್ಕೆ ಹಿಡಿಯುವುದಾದ್ರೆ ನಾನು ಈ ಚರ್ಚೆಯಿಂದ ಎದ್ದು ಹೋಗ್ತೇನೆ.

ವೆಸ್ಟ್ ಬ್ಲಾಕ್ ಹಳಬ:
ಹೋಗಿ ಸಾರ್, ನಿಮ್ ಟೀಮಿಗೂ ಅದೇ ಅಭ್ಯಾಸ. ಹೋಗೋಕ್ ಮುಂಚೆ, ಆಗ ನಿಮ್ ಟೀಮಿಗೆ ಬಿದ್ದ ಹಾಗೆ, 4 ಕೋಟಿ ಫೈನ್ ಕಟ್ಟಿ ಹೋಗಿ.